ಮಳೆ ಅಳೆದ ಲೋಟ

ಹೋದ ತಿಂಗಳು ಬೆಂಗಳೂರಿನ ಹೊಸ ಮ್ಯೂಸಿಯಮ್ಮೊಂದರ ಎರಡನೇ ಮಹಡಿಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ನನ್ನ ಕಾಫಿ ಲೋಟವನ್ನು ನೋಡಿದೆ. ಅಂಥದ್ದೇ ಇನ್ನೊಂದು ಲೋಟವಲ್ಲ, ನನ್ನದೇ. ಬಾಯಂಚಿನ ಕೆಳಗೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು ಹಾಗೇ ಇತ್ತು: ಶಾರದ, ವಸ್ತಾರೆ. ಮದುವೆಯಲ್ಲಿ ತವರಿನವರು ಕೊಟ್ಟ ಆರು ಸ್ಟೀಲ್ ಲೋಟಗಳಲ್ಲಿ ಐದು ಈಗಲೂ ನಮ್ಮ ಅಡುಗೆಮನೆಯಲ್ಲಿವೆ. ಆರನೆಯದು ಕಾಣೆಯಾಗಿ ಎರಡು ವರ್ಷವಾಗಿತ್ತು. ಅದು ಇಲ್ಲಿ, ಬಿಳಿ ಬಟ್ಟೆಯ ಮೇಲೆ, ನೆತ್ತಿಗೊಂದು ಪುಟ್ಟ ದೀಪ ಹಾಕಿಸಿಕೊಂಡು ಕೂತಿತ್ತು. ಪಕ್ಕದ ಚೀಟಿಯಲ್ಲಿ ಬರೆದಿದ್ದರು: "ಮನೆಬಳಕೆಯ ಲೋಟ. ಇಲ್ಲಿ ಇದರ ಉಪಯೋಗ ತಿಳಿದುಬಂದಿಲ್ಲ."

ನನಗೆ ತಿಳಿದಿತ್ತು. ಇಡೀ ಬೆಂಗಳೂರಿನಲ್ಲಿ ಅದರ ಉಪಯೋಗ ತಿಳಿದವಳು ನಾನೊಬ್ಬಳೇ ಎಂದುಕೊಂಡೆ.

ನಾನು ಬೆಂಗಳೂರಿಗೆ ಹೋಗಿದ್ದು ಕಣ್ಣು ತೋರಿಸಲು. ಹೊಸ ಕನ್ನಡಕ ಬರುವುದಕ್ಕೆ ನಾಲ್ಕು ದಿನ ಬೇಕು ಎಂದರು. ತಂಗಿಯ ಮಗಳು ನವ್ಯ ಸುಮ್ಮನೆ ಕೂರಿಸುವವಳಲ್ಲ. ಊರಲ್ಲಿ ಹೊಸದಾಗಿ ಏನೇನು ಪ್ರದರ್ಶನ ಬಂದಿದೆ ಎಂದು ಒಂದು ಪಟ್ಟಿಯನ್ನೇ ಮಾಡಿಟ್ಟಿದ್ದಳು. ಮೊದಲ ದಿನ ಹಳೆಯ ಫೋಟೋಗಳು, ಎರಡನೇ ದಿನ ಯಾರೋ ಹರಿದ ಸೀರೆಗಳಿಂದ ಮಾಡಿದ ಗೋಡೆ, ಮೂರನೇ ದಿನ ಒಂದು ಖಾಲಿ ಕೋಣೆ. ಖಾಲಿ ಕೋಣೆಯಲ್ಲಿ ಏನು ನೋಡಬೇಕು ಎಂದು ಕೇಳಿದ್ದಕ್ಕೆ ಅವಳು, ನೋಡಬಾರದು ದೊಡ್ಡಮ್ಮ, ಅನುಭವಿಸಬೇಕು ಎಂದಳು. ನನ್ನ ಅನುಭವಕ್ಕೆ ಬಂದಿದ್ದು ಮಂಡಿನೋವು. ನಾಲ್ಕನೇ ದಿನ ಹೊಸ ಕನ್ನಡಕ ಮೂಗಿನ ಮೇಲೆ ಕೂತಿತ್ತು, ಮನೆಯಲ್ಲಿರುತ್ತೇನೆ ಎಂದೆ. ನವ್ಯ ನಗುತ್ತಾ, ಇವತ್ತಿನದು ನಿಮ್ಮ ಕಡೆಯದೇ, ಮಳೆಯದು, ಹೇಳದೆ ಕರೆದುಕೊಂಡು ಹೋಗಿ ಬೆಚ್ಚಿಬೀಳಿಸಬೇಕು ಅಂತಿದ್ದೆ ಎಂದಳು. ಬೆಚ್ಚಿಬೀಳಿಸಿದಳು.

ಒಳಗೆ ಕಾಲಿಟ್ಟ ಕೂಡಲೇ ವಾಸನೆ ಬಂತು. ಹಸಿ ಮಣ್ಣು, ಜಜ್ಜಿದ ಎಲೆ, ಕೊಳೆತ ಬೇರು ಎಲ್ಲ ಸೇರಿದ ವಾಸನೆ. ಯಂತ್ರದಿಂದ ಬಿಡುತ್ತಾರಂತೆ. ಬೇರೆಯವರು ಆಹಾ ಎಂದು ಮೂಗೆಳೆದುಕೊಳ್ಳುತ್ತಿದ್ದರು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಈ ವಾಸನೆ ನಮ್ಮ ತೋಟದಲ್ಲಿ ಇಷ್ಟು ಗಾಢವಾಗಿ ಬಂದದ್ದು ಒಂದೇ ಒಂದು ಸಲ, ಗುಡ್ಡ ಜರಿದ ಮಧ್ಯಾಹ್ನ.

ಕತ್ತಲೆಯ ಆ ದೊಡ್ಡ ಕೋಣೆಯ ಛಾವಣಿಯಿಂದ ನೂರಕ್ಕೂ ಹೆಚ್ಚು ಗಾಜಿನ ಕೊಳವೆಗಳು ಇಳಿಬಿದ್ದಿದ್ದವು. ಒಂದು ಮಳೆಗಾಲದ ಒಂದೊಂದು ದಿನಕ್ಕೂ ಒಂದೊಂದು ಕೊಳವೆ. ಆ ದಿನ ಬಿದ್ದ ಮಳೆಯನ್ನು ಇಂಚಿಗೆ ಒಂದಡಿಯಂತೆ ಹಿಗ್ಗಿಸಿ ನೀಲಿ ನೀರು ತುಂಬಿದ್ದರು. ಬಾಗಿಲ ಬಳಿ ಮೊಣಕಾಲೆತ್ತರವಿದ್ದ ನೀರು ಒಳಗೆ ಹೋದ ಹಾಗೆ ಎದೆಯೆತ್ತರ, ತಲೆಯೆತ್ತರವಾಗಿ, ನಡುವೆ ಎರಡು ಕೊಳವೆಗಳು ಎಂಟಡಿ ದಾಟಿ ನಿಂತಿದ್ದವು. ಅವುಗಳ ಕೆಳಗೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಗೋಡೆಯ ಮೇಲೆ, ಕೊಟ್ಟಿಗೆಹಾರದ ಬಳಿಯ ಕಾಫಿ ತೋಟವೊಂದರ ಮಳೆ ಪುಸ್ತಕವನ್ನು ಆಧರಿಸಿದ್ದು ಎಂದಿತ್ತು. ತೋಟ ನಮ್ಮದು. ಪುಸ್ತಕ ಮಾವನದು. ಆ ಮಳೆಗಾಲ ಅದರಲ್ಲಿ ಬರೆದವಳು ನಾನು. ಎಷ್ಟನೇ ಕೊಳವೆಯಿಂದ ಸುಳ್ಳು ಶುರುವಾಗುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲವಳೂ ನಾನೇ.

ಮಳೆ ಅಳೆಯುವುದು ನಮ್ಮ ಕಡೆ ಹಲ್ಲುಜ್ಜಿದಷ್ಟೇ ಸಹಜ. ಬೆಳಿಗ್ಗೆ ಎಂಟಕ್ಕೆ ಎಲ್ಲ ತೋಟದಲ್ಲೂ ಯಾರಾದರೊಬ್ಬರು ಅಂಗಳದ ರೇನ್‌ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು ಗೆರೆ ನೋಡುತ್ತಾರೆ. ಇಂಚಿನ ನೂರನೇ ಒಂದು ಭಾಗಕ್ಕೆ ಸೆಂಟ್ ಎಂದು ಹೆಸರು. ಆಮೇಲೆ ಫೋನು ಶುರು. ಕ್ಷೇಮ ಸಮಾಚಾರಕ್ಕಿಂತ ಮೊದಲು, ನಿಮ್ಮಲ್ಲಿ ಎಷ್ಟು ಬಿತ್ತು ಎಂದು ಕೇಳುತ್ತಾರೆ. ಪಕ್ಕದ ತೋಟದಲ್ಲಿ ಇಪ್ಪತ್ತು ಸೆಂಟ್ ಹೆಚ್ಚು ಬಿದ್ದರೆ ಹೊಟ್ಟೆಯುರಿ ಪಡುವವರನ್ನು ಮದುವೆಯಾಗಿ ಬಂದ ಹೊಸದರಲ್ಲಿ ನೋಡಿ ನಾನು ಬೆರಗಾಗಿದ್ದೆ. ವಸ್ತಾರೆಯಲ್ಲಿ ನಮ್ಮಪ್ಪನೂ ಅಳೆಯುತ್ತಿದ್ದರು, ಆದರೆ ಭಾನುವಾರದ ಮಳೆಯನ್ನು ಸೋಮವಾರಕ್ಕೆ ಸೇರಿಸಿಬಿಡುತ್ತಿದ್ದರು.

ಮಾವನ ಮನೆಯಲ್ಲಿ ಅದು ನಡೆಯುತ್ತಿರಲಿಲ್ಲ. ಅವರ ಅಪ್ಪನ ಕಾಲದಿಂದ ಒಂದು ದಿನವೂ ತಪ್ಪದೆ ಬರೆದ ಪುಸ್ತಕಗಳು ಬೀರುವಿನಲ್ಲಿದ್ದವು. ದೇವರ ಕೋಣೆಯಲ್ಲಿ ಸುಳ್ಳು ಹೇಳಿದರೆ ಕ್ಷಮಿಸಿಯಾರು, ಮಳೆ ಪುಸ್ತಕದಲ್ಲಿ ಹೇಳಿದರೆ ಇಲ್ಲ ಎಂದು ಅತ್ತೆ ಬದುಕಿದ್ದಾಗ ತಮಾಷೆ ಮಾಡುತ್ತಿದ್ದರು. ಆ ಪುಸ್ತಕಕ್ಕೆ ಅಂಟಿಕೊಂಡ ಒಂದು ಕಾನೂನೂ ಇತ್ತು. ಸತತ ಎರಡು ದಿನ ಎಂಟೆಂಟು ಇಂಚು ಬಿದ್ದರೆ, ಗುಡ್ಡದ ಬುಡದಲ್ಲಿ ಸಾಲಾಗಿರುವ ತೋಟದಾಳುಗಳ ಲೈನ್ ಮನೆಗಳ ಜನರನ್ನು ಎಬ್ಬಿಸಿ ಮೇಲಿನ ಕಾಫಿ ಗೋಡೌನಿಗೆ ತರಬೇಕು. ಹಾಗೆ ತಂದದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಕಾನೂನು ಕಾನೂನೇ.

ಆ ವರ್ಷ ಮಳೆ ಹಿಡಿದ ಮೊದಲ ವಾರದಲ್ಲೇ ಮಾವ ಕಾಫಿ ಒಣಗಿಸುವ ಕಣದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಮುಗಿಸಿಕೊಂಡು ಬಂದು ಮುಂಭಾಗದ ಕೋಣೆಯಲ್ಲಿ ಮಲಗಿದರು. ನೋವಿಗಿಂತ ದೊಡ್ಡ ಚಿಂತೆ ಮಳೆಯನ್ನು ಯಾರು ಅಳೆಯುತ್ತಾರೆ ಎಂಬುದು. ನನ್ನ ಗಂಡ ಸುರೇಶನ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. ಸುರೇಶ ಎಂಟಕ್ಕೆ ಏಳುವವರೇ ಅಲ್ಲ. ನನ್ನನ್ನು ಕರೆದು, ಬಿ.ಕಾಂ ಓದಿದೋಳು ನೀನು, ನಿನ್ನ ಅಳತೆ ತಪ್ಪಲ್ಲ ಎಂದು ಪೆನ್ನನ್ನು ಕೈಗೆ ಕೊಟ್ಟರು. ನಾನು ಉಬ್ಬಿಹೋದೆ.

ಹನ್ನೆರಡು ದಿನ ಉಬ್ಬಿಕೊಂಡೇ ಅಳೆದೆ. ಛತ್ರಿಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು, ಗೇಜಿನ ತಾಮ್ರದ ಪಾತ್ರೆ ಎತ್ತಿ, ಗ್ಲಾಸಿಗೆ ಸುರಿದು, ಮಾವನ ಕಿಟಕಿಯ ಹತ್ತಿರ ಬಂದು ಕೂಗಿ ಹೇಳುವುದು. ಅವರು ಮಲಗಿದಲ್ಲಿಂದಲೇ ಫೋನೆತ್ತಿ ಊರಿಗೆಲ್ಲ ಸಾರುವುದು. ಹದಿಮೂರನೇ ದಿನ ಬೆಳಿಗ್ಗೆ ನೀರು ಸುರಿಯುವ ಮುನ್ನವೇ ಕೈ ಜಾರಿತು. ಅಳತೆ ಗ್ಲಾಸು ಗೇಜಿನ ಸಿಮೆಂಟು ಕಟ್ಟೆಗೆ ಬಡಿದು ಚೂರಾಯಿತು. ಅದು ಮಾವನ ಅಪ್ಪ ತರಿಸಿದ ಗ್ಲಾಸು.

ಒಳಗಿನಿಂದ ಮಾವ ಕೂಗಿದರು, "ಎಷ್ಟಾಯ್ತಮ್ಮಾ?"

ಆ ಕ್ಷಣ ನಾನು ಗ್ಲಾಸ್ ಒಡೆಯಿತು ಮಾವ ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಎನ್ನಲಿಲ್ಲ. ಜಗುಲಿಯ ಮೇಲೆ ಆಗಷ್ಟೇ ಕುಡಿದಿಟ್ಟ ನನ್ನ ಕಾಫಿ ಲೋಟವಿತ್ತು. ಗ್ಲಾಸು ತುಂಬಿದರೆ ಅರ್ಧ ಇಂಚು. ಲೋಟವೂ ಕಣ್ಣಳತೆಯಲ್ಲಿ ಹೆಚ್ಚುಕಡಿಮೆ ಅಷ್ಟೇ ಕಂಡಿತು. ತೊಳೆದು, ಅದರಲ್ಲೇ ಅಳೆದು, ಎರಡು ಲೋಟಕ್ಕೆ ಒಂದಿಂಚು ಎಂದು ಲೆಕ್ಕ ಹಾಕಿ ಕೂಗಿ ಹೇಳಿದೆ. ಸಂಜೆಯೊಳಗೆ ಚಿಕ್ಕಮಗಳೂರಿಂದ ಹೊಸದು ತರಿಸಿದರಾಯಿತು, ಒಂದು ದಿನದ ಮಾತು ಎಂದುಕೊಂಡೆ. ಚಿಕ್ಕಮಗಳೂರಿನಲ್ಲೂ ಮೂಡಿಗೆರೆಯಲ್ಲೂ ಸಿಗಲಿಲ್ಲ. ಬೆಂಗಳೂರಿನಿಂದ ತಂಗಿಯ ಗಂಡ ಹುಡುಕಿ ಕಳಿಸುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು. ಅಷ್ಟೂ ದಿನ ಲೋಟ ಗೇಜಿನ ಹಿಂದೆ ಅಡಗಿ ಕೂತಿತ್ತು. ಮನೆಗೆಲಸಕ್ಕೆ ಬರುತ್ತಿದ್ದ ಲಲಿತ ಒಮ್ಮೆ ನೋಡಿ, ಇದೇನಮ್ಮ ಇಲ್ಲಿ ಎಂದಾಗ, ಕೈಗೆ ಸಿಕ್ಕಿದ್ದನ್ನು ಅಲ್ಲಿ ಇಟ್ಟೆ ಎಂದು ಗದರಿದ್ದೆ.

ಲೋಟದ ಅಳತೆ ಸರಿಯಿಲ್ಲ ಎಂದು ನನಗೆ ವಾರದೊಳಗೇ ಗುಮಾನಿ ಬಂತು. ಪಕ್ಕದ ತೋಟದಲ್ಲಿ ಎರಡಿಂಚು ಬಿದ್ದರೆ ನಮ್ಮಲ್ಲಿ ಮೂರು ದಾಟುತ್ತಿತ್ತು. ಆದರೆ ಮಲೆನಾಡಿನ ಮಳೆಗೆ ಈ ಗುಡ್ಡದಲ್ಲಿ ಒಂದು, ಆ ಗುಡ್ಡದಲ್ಲಿ ಒಂದು ಲೆಕ್ಕ. ನಮ್ಮಲ್ಲಿ ಘಾಟಿಯ ಗಾಳಿ ನೇರ ಹೊಡೀತದೆ ಎಂದು ಮಾವ ಫೋನಿನಲ್ಲಿ ಹೆಮ್ಮೆಯಿಂದ ವಿವರಿಸುತ್ತಿದ್ದರು. ಮಲಗಿದಲ್ಲೇ ಅವರ ಮುಖಕ್ಕೆ ಬಣ್ಣ ಬಂದಿತ್ತು. ಊರವರೆಲ್ಲ ಗೌಡರ ಮನೆಯ ಮಳೆ ಎಷ್ಟು ಎಂದು ಕೇಳಲು ಫೋನು ಮಾಡುತ್ತಿದ್ದರು. ಇಷ್ಟಾದ ಮೇಲೆ ಹೇಳುವುದು ಹೇಗೆ? ಒಂದು ದಿನ ಮಾತ್ರ ಅವರು ಹೆಂಚಿನ ಕಡೆ ಕಿವಿಗೊಟ್ಟು, ಸದ್ದಿಗೂ ಇಂಚಿಗೂ ತಾಳೆ ಆಗ್ತಾ ಇಲ್ವಲ್ಲ ಎಂದರು. ವಯಸ್ಸಾಯ್ತು, ಕಿವಿ ಮಂದ ಎಂದು ಅವರೇ ಸಮಾಧಾನ ಮಾಡಿಕೊಂಡರು.

ಆಮೇಲೆ ಆ ಎರಡು ದಿನಗಳು ಬಂದವು. ಮೊದಲನೇ ಬೆಳಿಗ್ಗೆ ಹದಿನಾರು ಲೋಟ, ಮೇಲೊಂದು ಗುಟುಕು. ಎಂಟು ಇಂಚು ಹತ್ತು ಸೆಂಟ್ ಎಂದು ಬರೆದೆ. ಕೂಗಿ ಹೇಳಿದೆ. ಇನ್ನೊಂದು ಸಲ ಹೇಳು ಎಂದರು ಮಾವ. ಎರಡನೇ ಬೆಳಿಗ್ಗೆ ಎಣಿಸುತ್ತಾ ಹೋದೆ. ಹದಿನೈದಕ್ಕೆ ನಿಲ್ಲಲಿ ಎಂದು ಬೇಡಿಕೊಂಡೆ. ಹದಿನೇಳನೇ ಲೋಟವೂ ಕಂಠದವರೆಗೆ ತುಂಬಿತು.

ಛತ್ರಿಯಡಿಯಲ್ಲಿ ಪೆನ್ನು ಹಿಡಿದು ನಿಂತೆ. ಏಳೂ ಎಂಬತ್ತು ಎಂದು ಬರೆದರೆ ಯಾರಿಗೂ ತೊಂದರೆಯಿಲ್ಲ. ಎಂಟೂವರೆ ಎಂದು ಬರೆದರೆ ಹನ್ನೊಂದು ಮನೆಯ ಜನ ಹಸುಗೂಸು, ಕೋಳಿ, ಪಾತ್ರೆ, ಒದ್ದೆ ಸೌದೆ ಹೊತ್ತು ಈ ಸುರಿಯುವ ಮಳೆಯಲ್ಲಿ ಗುಡ್ಡ ಹತ್ತಬೇಕು. ಅದೂ ಒಂದು ಕಾಫಿ ಲೋಟದ ಮಾತು ಕೇಳಿಕೊಂಡು. ನನಗೆ ಅಳು ಬಂತು. ಇದನ್ನು ನೆನೆದಾಗೆಲ್ಲ ನನ್ನನ್ನು ನಾನು ಒಳ್ಳೆಯವಳೆಂದು ತಿಳಿಯಲು ನೋಡಿದ್ದೇನೆ, ಆಗಿಲ್ಲ. ನಾನು ಎಂಟೂವರೆ ಎಂದು ಬರೆದದ್ದು ಜನರ ಜೀವದ ಮೇಲಿನ ಕಾಳಜಿಯಿಂದಲ್ಲ. ದಿನವೂ ಲೋಟ ಹೇಳಿದ್ದನ್ನೇ ಬರೆದವಳು ಇವತ್ತು ಬೇರೆ ಬರೆದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಹೇಡಿತನದಿಂದ.

"ಎಂಟೂವರೆ ಮಾವ," ಎಂದೆ.

"ಸುರೇಶನ್ನ ಎಬ್ಸು," ಎಂದರು. "ಜನ ಮೇಲೆ ಬರ್ಲಿ."

ಸುರೇಶ ಗೊಣಗಿದರು. ಇಂಥ ಮಳೆಯಲ್ಲಿ ಜನ ಕೇಳ್ತಾರಾ, ಹಳೇ ಕಾಲದ ಕಾನೂನು ಎಂದರು. ಮಾವ ಮಲಗಿದಲ್ಲಿಂದಲೇ ಊರುಗೋಲಿನಲ್ಲಿ ಮಂಚಕ್ಕೆ ಹೊಡೆದರು. ಆಳುಗಳನ್ನು ನೋಡಿಕೊಳ್ಳುವ ಸಣ್ಣಪ್ಪ ಮೇಸ್ತ್ರಿ ಲೈನಿಗೆ ಹೋಗಿ ಬಾಗಿಲು ಬಡಿದ. ಜನ ಬೈದುಕೊಂಡೇ ಬಂದರು. ಎಲ್ಲರಿಗಿಂತ ಜಾಸ್ತಿ ಬೈದವಳು ಲಲಿತ, ಅವಳ ಮನೆಯೇ ಸಾಲಿನ ಕೊನೆಯದು. ಕೋಳಿಗೂಡು ಹೊರಲಾಗದೆ ಬಿಟ್ಟು ಬಂದಿದ್ದಳು. ಗೋಡೌನಿನಲ್ಲಿ ಗೋಣಿಚೀಲ ಹಾಸಿ, ದೊಡ್ಡ ಹಂಡೆಯಲ್ಲಿ ಗಂಜಿ ಇಟ್ಟೆವು. ನಾನು ಬಡಿಸುತ್ತಾ ಒಬ್ಬೊಬ್ಬರ ಮುಖವನ್ನೂ ತಪ್ಪಿಸುತ್ತಿದ್ದೆ.

ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದಾಗ ಸದ್ದು ಕೇಳಿತು. ಲಾರಿಯಿಂದ ಜಲ್ಲಿ ಸುರಿದ ಹಾಗೆ, ಆದರೆ ನಿಲ್ಲಲೇ ಇಲ್ಲ. ಆಮೇಲೆ ಆ ವಾಸನೆ ಬಂತು. ಗೋಡೌನಿನ ಬಾಗಿಲಿಗೆ ಓಡಿ ಬಂದು ಕೆಳಗೆ ನೋಡಿದರೆ ಲೈನು ಇರಲಿಲ್ಲ. ಮುರಿದು ಬಿದ್ದಿರಲಿಲ್ಲ, ಇರಲೇ ಇಲ್ಲ. ಅದಿದ್ದ ಜಾಗದಲ್ಲಿ ಕೆಂಪು ಮಣ್ಣು, ಅದರ ಮೇಲೆ ಬುಡಮೇಲಾದ ಕಾಫಿ ಗಿಡಗಳು, ನೆರಳಿಗೆಂದು ಬೆಳೆಸಿದ್ದ ಒಂದು ಸಿಲ್ವರ್ ಮರ ಮಾತ್ರ ನೆಟ್ಟಗೆ ನಿಂತೇ ಇತ್ತು. ಲಲಿತ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ನಾಲ್ಕು ದಿನ ಬೆರಳಿನ ಗುರುತು ಇತ್ತು. ಸಣ್ಣಪ್ಪ ಮೇಸ್ತ್ರಿ ತಲೆ ಎಣಿಸಿದ. ಮತ್ತೆ ಎಣಿಸಿದ. ಎಲ್ಲರೂ ಇದ್ದರು.

ಅವತ್ತಿನಿಂದ ಗೌಡರ ಮಳೆ ಪುಸ್ತಕ ಊರಿಗೆಲ್ಲ ದೊಡ್ಡದಾಯಿತು. ಅಳತೆ ಅಂದರೆ ಹಾಗಿರಬೇಕು ಎಂದರು. ಸುತ್ತಲಿನ ನಾಲ್ಕಾರು ತೋಟದವರು ತಾವೂ ಎಂಟಿಂಚಿನ ಕಾನೂನು ಮಾಡಿಕೊಂಡರು. ಲಲಿತ ನನ್ನ ಕೈ ಹಿಡಿದು, ನೀವು ಅಳೆದಿದ್ದಕ್ಕೆ ನಾವು ಉಳಿದ್ವಿ ಅಮ್ಮ ಎಂದಾಗ ನಾನು ಬಚ್ಚಲಿಗೆ ಹೋಗಿ ಅತ್ತೆ. ಹೇಳಲು ಈಗಂತೂ ಬಾಯೇ ಬರಲಿಲ್ಲ. ಒಳ್ಳೆಯದೇ ಆಯಿತಲ್ಲ, ಇನ್ನು ಹೇಳಿ ಏನು ಎಂದು ಲೋಟವನ್ನು ತೊಳೆದು ಅಡುಗೆಮನೆಯ ಸಾಲಿನಲ್ಲಿ ಇಟ್ಟುಬಿಟ್ಟೆ. ಹೊಸ ಗ್ಲಾಸು ಬಂದಾಗ ಹಳೆಯದರ ಜಾಗದಲ್ಲಿ ಸದ್ದಿಲ್ಲದೆ ಇಟ್ಟೆ. ಅಷ್ಟು ಹೊತ್ತಿಗೆ ಮಾವ ಕೋಲೂರಿಕೊಂಡು ಅಂಗಳಕ್ಕೆ ಬರುತ್ತಿದ್ದರು. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಅದರ ಜಾಗದಲ್ಲೇ ಇಟ್ಟರು.

ಮುಂದಿನ ಮಳೆಗಾಲಗಳಲ್ಲಿ ಮಾವ ವಿಚಿತ್ರವಾಗಿ ಬದಲಾದರು. ಗುಡ್ಡದ ಇನ್ನೊಂದು ಮಗ್ಗುಲಲ್ಲಿ ಹೊಸ ಲೈನು ಕಟ್ಟಿಸಿದ್ದೆವು. ಎರಡು ದಿನ ಐದೈದು ಇಂಚು ಬಿದ್ದರೆ ಸಾಕು, ಅಲ್ಲಿನ ಜನರನ್ನು ಎಬ್ಬಿಸಿ ಗೋಡೌನಿಗೆ ತರಿಸುತ್ತಿದ್ದರು. ಒಂದೊಂದು ವರ್ಷ ಎರಡು ಮೂರು ಸಲ. ಕಾನೂನು ಎಂಟಲ್ವಾ ಅಪ್ಪ ಎಂದು ಸುರೇಶ ರೇಗಿದರೆ, ಮುದುಕನಿಗೆ ಹೆದರಿಕೆ ಮಾರಾಯ, ತಂದುಬಿಡು ಎನ್ನುತ್ತಿದ್ದರು. ಜನ ನಗುತ್ತಿದ್ದರು. ಗುಡ್ಡ ಜರಿದದ್ದು ಕಂಡು ಗೌಡರ ಧೈರ್ಯವೂ ಜರಿಯಿತು ಎಂದು ಆಡಿಕೊಂಡರು. ನಾನೂ ಒಳಗೊಳಗೆ ನಕ್ಕಿದ್ದೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ಮ್ಯೂಸಿಯಮ್ಮಿನವರು ಬಂದು ಮಳೆ ಪುಸ್ತಕಗಳನ್ನು ಕೇಳಿದಾಗ ನಾನು ತವರಿನಲ್ಲಿದ್ದೆ. ಸುರೇಶ ಜಗುಲಿಯಲ್ಲಿ ಕೂತು ಅವರಿಗೆ ಎಂಟಿಂಚಿನ ಕತೆಯನ್ನೆಲ್ಲ ಹೇಳಿದರಂತೆ. ವಾಪಸು ಬಂದಾಗ ಬೀರು ಖಾಲಿ, ಅಂಗಳದಲ್ಲಿ ಹಳೆಯ ಗೇಜಿನ ಜಾಗಕ್ಕೆ ಹೊಸದು ಬಂದಿತ್ತು. ಹೆದರಿಕೆಯಾಯಿತು, ಆದರೆ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಲ್ಲಿ ನನ್ನ ಪುಟ ಯಾರು ತೆಗೆಯುತ್ತಾರೆ ಎಂದುಕೊಂಡೆ. ಅದೇ ವಾರ ಆರು ಲೋಟದಲ್ಲಿ ಒಂದು ಕಾಣೆಯಾಗಿದ್ದನ್ನು ನೋಡಿ ಲಲಿತಳ ಮೇಲೆ ಅನುಮಾನ ಪಟ್ಟೆ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ಅವಳು ಪಾತ್ರೆ ಜೋಡಿಸುವಾಗ ಎಣಿಸುತ್ತಾ ನಿಂತಿದ್ದೆ. ಅದು ಅವಳಿಗೆ ತಿಳಿಯದೇ ಇರುತ್ತದೆಯೇ? ಆ ಚಳಿಗಾಲ ಮಾವ ತೀರಿಕೊಂಡರು. ಸುರೇಶ ಮೊದಲು ಮಾಡಿದ ಕೆಲಸ, ಅಪ್ಪನ ಹೆದರಿಕೆಯ ಕಾಲ ಮುಗಿಯಿತು, ಇನ್ನು ಪುಸ್ತಕದ ಕಾನೂನೇ ಎಂದು ಮತ್ತೆ ಎಂಟಕ್ಕೆ ತಂದದ್ದು.

ಇಷ್ಟೆಲ್ಲ ಆ ಲೋಟದ ಮುಂದೆ ನಿಂತು ನೆನಪಾಯಿತು. ಅದರ ಒಂದು ಪಕ್ಕ ತಾಮ್ರದ ಗೇಜು, ಇನ್ನೊಂದು ಪಕ್ಕ ಬಿಚ್ಚಿಟ್ಟ ಪುಸ್ತಕ. ಬಿಚ್ಚಿದ್ದ ಪುಟ ಆ ಎರಡು ದಿನಗಳದ್ದೇ. ನನ್ನ ದುಂಡಕ್ಷರದಲ್ಲಿ ನೀಲಿ ಶಾಯಿಯ 8.10, ಅದರ ಕೆಳಗೆ 8.50. ಹೊಸ ಕನ್ನಡಕದಲ್ಲಿ ಬಗ್ಗಿ ನೋಡಿದೆ. ಅಂಕಿಗಳ ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಬರಹವಿತ್ತು. ಮಾವನ ಕೈಬರಹ. 5.06. ಅದರ ಕೆಳಗೆ 5.31. ಪುಟದ ಅಂಚಿನಲ್ಲಿ, ಮೇಲಿಂದ ಕೆಳಕ್ಕೆ, ಒಂದು ಸಾಲು: ಎಂಟು ಲೋಟ, ಐದು ಗ್ಲಾಸು.

ನವ್ಯ ನನ್ನ ಮುಖ ನೋಡಿ ಹೆದರಿ ಕುರ್ಚಿ ತಂದಳು. ಕೂರಲಿಲ್ಲ. ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗಿಯನ್ನು ಕರೆದು ಆ ಪೆನ್ಸಿಲ್ ಬರಹ ಏನು ಎಂದು ಕೇಳಿದೆ. ಅದು ಮನೆಯ ಕಾಫಿಯ ಲೆಕ್ಕ ಇರಬೇಕು ಮೇಡಂ, ಎಷ್ಟು ಜನಕ್ಕೆ ಎಷ್ಟು ಅಂತ, ಮಳೆಗೆ ಸಂಬಂಧಪಟ್ಟಿಲ್ಲ ಎಂದು ಬಿಟ್ಟಿದ್ದಾರೆ ಎಂದಳು. ಲೋಟ ಯಾಕೆ ಇಟ್ಟಿರಿ ಎಂದೆ. ಅವಳಿಗೂ ಅದು ಸೋಜಿಗವೇ ಆಗಿತ್ತು.

"ಆ ಮನೆಯ ಹಿರಿಯರು ಅವರೇ ಕೂತು ಪೆಟ್ಟಿಗೆ ಕಟ್ಟಿದ್ರಂತೆ ಮೇಡಂ," ಎಂದಳು. "ಲೋಟ ತೆಗೀಬೇಡಿ, ಗೇಜಿನ ಪಕ್ಕದಲ್ಲೇ ಇಡಿ ಅಂತ ಹೇಳಿದ್ರಂತೆ. ಯಾಕೆ ಅಂತ ಹೇಳ್ಲಿಲ್ಲ."

ಅವರಿಗೆ ಎಲ್ಲ ಗೊತ್ತಿತ್ತು. ಹೊಸ ಗ್ಲಾಸು ನೋಡಿದ ದಿನವೇ ಗೊತ್ತಾಗಿರಬೇಕು, ಲೋಟದ ಸುದ್ದಿ ಲಲಿತಳಿಂದ ತಿಳಿದಿತ್ತೋ ಏನೋ. ನಾನಿಲ್ಲದ ಹೊತ್ತು ನೋಡಿ ಲೋಟದಲ್ಲೂ ಗ್ಲಾಸಿನಲ್ಲೂ ನೀರು ಅಳೆದು, ಎಂಟು ಲೋಟಕ್ಕೆ ಐದೇ ಗ್ಲಾಸು ಎಂದು ಕಂಡುಕೊಂಡು, ಒಂದೊಂದೇ ದಿನದ ನನ್ನ ಸುಳ್ಳನ್ನು ಪೆನ್ಸಿಲ್ಲಿನಲ್ಲಿ ತಿದ್ದಿದ್ದರು. ಶಾಯಿಯಲ್ಲಿ ತಿದ್ದಿದ್ದರೆ ಸೊಸೆಯ ಮಾನ ಹೋಗುತ್ತದೆ, ತಿದ್ದದೇ ಬಿಟ್ಟರೆ ಪುಸ್ತಕದ ಮಾನ ಹೋಗುತ್ತದೆ. ಎರಡನ್ನೂ ಉಳಿಸಲು ತಾವು ಹೆದರುಪುಕ್ಕಲ ಮುದುಕ ಎನ್ನಿಸಿಕೊಂಡರು. ಪ್ರೀತಿ ಉಕ್ಕಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಸಿಟ್ಟು. ಒಂದು ಮಾತು ಬೈಯಬಾರದಿತ್ತೇ ಮಾವ? ಕೆನ್ನೆಗೆ ಹೊಡೆದಿದ್ದರೂ ಇದಕ್ಕಿಂತ ಮೇಲಾಗಿತ್ತು.

ಆಮೇಲೆ ಬಂದದ್ದು ನಿಜವಾದ ಭಯ. ತಲೆಯೆತ್ತಿ ಎಂಟಡಿಯ ಆ ನೀಲಿ ಕೊಳವೆಗಳನ್ನು ನೋಡಿದೆ. ಅವುಗಳ ಪಕ್ಕದ ಫಲಕದಲ್ಲಿ, ಎಂಟು ಇಂಚು ದಾಟಿದಾಗ ಗುಡ್ಡ ಜರಿಯಿತು, ನಿಖರವಾದ ಅಳತೆ ಹನ್ನೊಂದು ಕುಟುಂಬಗಳನ್ನು ಉಳಿಸಿತು ಎಂದಿತ್ತು. ಗುಡ್ಡ ಜರಿದದ್ದು ಎಂಟಕ್ಕಲ್ಲ. ಐದಕ್ಕೆ. ಐದಕ್ಕೇ ಜರಿಯುವ ಗುಡ್ಡದ ಕೆಳಗೆ ಜನರನ್ನು ಮಲಗಿಸಿಕೊಂಡು ನಮ್ಮ ತೋಟ, ಅಕ್ಕಪಕ್ಕದ ತೋಟ ಎಲ್ಲ ಎಂಟಾಗಲಿ ಎಂದು ಕಾಯುತ್ತಿದ್ದಾರೆ. ಹೊರಗೆ ಬೆಂಗಳೂರಿನಲ್ಲಿ ತುಂತುರು. ನಮ್ಮ ಕಡೆ ಮೂರು ದಿನದಿಂದ ಬಿಟ್ಟಿಲ್ಲ ಎಂದು ಸುರೇಶ ಹಿಂದಿನ ದಿನ ಹೇಳಿದ್ದರು.

ಅಲ್ಲೇ, ಕೊಳವೆಗಳ ಕೆಳಗೆ ನಿಂತೇ ಫೋನು ಮಾಡಿದೆ. ಎಷ್ಟು ಬಿತ್ತು ಎಂದೆ. ನಿನ್ನೆ ಐದೂ ಇಪ್ಪತ್ತು, ಇವತ್ತು ಐದೂ ನಲವತ್ತು, ಯಾಕೆ ಎಂದರು. ಹೊಸ ಲೈನಿನವರನ್ನು ಈಗಲೇ ಮೇಲೆ ಕರೆಸಿ ಎಂದೆ.

"ಎಂಥ ನಿಂದು," ಎಂದರು ಸುರೇಶ. "ಎಂಟಾಗ್ಲಿಲ್ವಲ್ಲ ಮಾರಾಯ್ತಿ. ಅಪ್ಪಂದೇ ಕಾನೂನು."

ಹೇಳಿದೆ. ಗ್ಲಾಸು ಒಡೆದದ್ದು, ಲೋಟ, ಎಂಟು ಲೋಟಕ್ಕೆ ಐದು ಗ್ಲಾಸು, ಪೆನ್ಸಿಲ್ ಬರಹ, ಎಲ್ಲ. ಸುತ್ತ ಜನ ನಿಂತು ಕೇಳಿಸಿಕೊಳ್ಳುತ್ತಿದ್ದರು. ನವ್ಯ ಬಾಯಿ ಮೇಲೆ ಕೈಯಿಟ್ಟುಕೊಂಡಿದ್ದಳು. ಹೆಂಚಿನ ಮೇಲೆ ಮಳೆ ಹೊಡೆಯುವುದು ಮಾತ್ರ ಫೋನಿನಲ್ಲಿ ಕೇಳಿಸುತ್ತಿತ್ತು.

"ಅಪ್ಪಂಗೆ ಗೊತ್ತಿತ್ತಾ?" ಎಂದರು ಕೊನೆಗೆ.

"ಗೊತ್ತಿತ್ತು ರೀ. ಅದಕ್ಕೇ ಐದಕ್ಕೆ ಎಬ್ಬಿಸ್ತಿದ್ರು. ಹೆದರಿ ಅಲ್ಲ."

ಫೋನು ಎಲ್ಲೋ ಇಟ್ಟ ಸದ್ದಾಯಿತು. ಆಮೇಲೆ ದೂರದಿಂದ, ಅಂಗಳದ ಆ ತುದಿಯಿಂದ, ಸಣ್ಣಪ್ಪ ಮೇಸ್ತ್ರಿಯನ್ನು ಕೂಗುವ ಅವರ ಧ್ವನಿ ಕೇಳಿಸಿತು. ಮತ್ತೆ ಫೋನು ಎತ್ತಿದಾಗ ಪಕ್ಕದ ತೋಟದವರಿಗೆಲ್ಲ ನೀನು ಫೋನು ಮಾಡು, ನಾನು ಲೈನಿಗೆ ಹೋಗ್ತೀನಿ ಎಂದಷ್ಟೇ ಹೇಳಿದರು. ನವ್ಯ ತಂದ ಕುರ್ಚಿಯಲ್ಲಿ ಈಗ ಕೂತೆ. ಒಬ್ಬೊಬ್ಬರಿಗೇ ಫೋನು ಮಾಡಿ, ನಾನು ಗೌಡರ ಮನೆಯ ಶಾರದ, ಆ ವರ್ಷದ ಅಳತೆ ತಪ್ಪು, ತಪ್ಪು ಮಾಡಿದವಳು ನಾನು ಎಂದು ಐದು ಸಲ ಹೇಳಿದೆ. ಒಬ್ಬರು ನಂಬಲಿಲ್ಲ. ಒಬ್ಬರು ನಕ್ಕರು. ಉಳಿದ ಮೂವರು ತಮ್ಮ ಲೈನಿನವರನ್ನು ಎಬ್ಬಿಸಿದರು.

ಮ್ಯೂಸಿಯಮ್ಮಿನ ದೊಡ್ಡವರು ಕೆಳಗೆ ಬಂದರು. ಮೊದಲು ತಬ್ಬಿಬ್ಬಾದರು, ಆಮೇಲೆ ಕೊಳವೆಗಳ ನೀರು ಇಳಿಸುತ್ತೇವೆ, ಫಲಕ ಬದಲಿಸುತ್ತೇವೆ ಎಂದರು. ಲೋಟ ಬೇಕಾದರೆ ವಾಪಸು ಕೊಡುತ್ತೇವೆ ಎಂದೂ ಹೇಳಿದರು. ಬೇಡ ಎಂದೆ. ಅದನ್ನು ಅಲ್ಲಿ ಇಡಿ ಎಂದವರು ಮಾವ, ನಾನಲ್ಲ. ಚೀಟಿಯಲ್ಲಿ ಉಪಯೋಗ ತಿಳಿದುಬಂದಿಲ್ಲ ಎಂದಿರುವ ಕಡೆ ಮಾವ ಬರೆದ ಸಾಲನ್ನೇ ಹಾಕಿ ಎಂದೆ.

ಗುಡ್ಡ ಈ ಸಲ ಜರಿಯಲಿಲ್ಲ. ಜನ ಮೂರು ದಿನ ಗೋಡೌನಿನಲ್ಲಿದ್ದು ಬೈದುಕೊಂಡು ಇಳಿದುಹೋದರು. ನಾನು ಊರಿಗೆ ಬಂದ ದಿನ ಲಲಿತ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಆರನೇ ಲೋಟ ಎಲ್ಲಿದೆ ಎಂದು ಅವಳಿಗೆ ಹೇಳಿದೆ, ಯಾಕಿದೆ ಎಂದೂ ಹೇಳಿದೆ. ಅವಳು ತುಂಬಾ ಹೊತ್ತು ಒಂದೇ ತಟ್ಟೆಯನ್ನು ಉಜ್ಜುತ್ತಿದ್ದಳು.

"ಮೂರು ದಿನ ಕೂಸು ಕೆಮ್ಮಿ ಕೆಮ್ಮಿ ಸಾಕಾಯ್ತು ಅಮ್ಮ," ಎಂದಳು. "ಏನೂ ಆಗ್ಲಿಲ್ಲ, ಸುಮ್ನೆ ಎಬ್ಸಿದ್ರಿ."

ಹೌದು ಕಣೇ, ಎಂದೆ. ತಪ್ಪು ಅಳತೆಗೆ ಇವಳೇ ನನ್ನ ಕೈ ಹಿಡಿದು ಹೊಗಳಿದ್ದಳು. ಸರಿ ಅಳತೆಗೆ ಈಗ ಬೈಯುತ್ತಿದ್ದಳು. ಪಕ್ಕದಲ್ಲಿ ಕೂತು, ಅವಳು ತೊಳೆದ ಐದು ಲೋಟಗಳನ್ನು ಒರೆಸುತ್ತಾ ಪೂರ್ತಿ ಬೈಸಿಕೊಂಡೆ.